ಗಿರಣಿಯ ಕಟ್ಟೆಗೆ ಬಾರದ ಪತ್ರಿಕೆ

'ನಮ್ಮ ಊರಿನವರಿಗೆ ಓದುವ ಅಭಿರುಚಿಯೇ ಇಲ್ಲ' ಎಂಬ ಮಾತನ್ನು ನಾನು ಕೇಳುತ್ತ ಬಂದು ಹತ್ತಿರ ಹತ್ತಿರ ಮೂವತ್ತು ವರ್ಷಗಳಾದವು. ಹೀಗೆ ಹೇಳುವವರು ಸಾಮಾನ್ಯವಾಗಿ ಊರಿನ ಬಗ್ಗೆ ಏನನ್ನಾದರೂ ಬರೆದವರು, ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದವರು, ಕೊನೆಗೆ ಮಾರಾಟವಾಗದ ಕಟ್ಟುಗಳನ್ನು ಅಟ್ಟದ ಮೇಲೆ ಇಟ್ಟವರು. ಅವರ ನೋವು ನಿಜ. ಆದರೆ ಆ ನೋವಿನಿಂದ ಅವರು ಮಾಡಿಕೊಂಡ ತೀರ್ಮಾನ ನಿಜವೆ? ಓದದವರು ಎಂದು ಅವರು ಹೆಸರಿಟ್ಟ ಜನರಲ್ಲಿ ಅರ್ಧದಷ್ಟು ಜನ ಹೆಂಗಸರು. ಅವರ ಬಳಿಗೆ ಆ ಬರಹ ಹೋಗಿತ್ತೆ, ಹೋಗಿದ್ದರೆ ಯಾವ ದಾರಿಯಿಂದ ಹೋಗಿತ್ತು ಎಂದು ಯಾರೂ ಕೇಳಿದಂತಿಲ್ಲ. ಈ ಬರಹದಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಅದೇ.

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇಂಥ ಒಂದಲ್ಲ ಒಂದು ಪ್ರಯತ್ನ ನಡೆದೇ ಇರುತ್ತದೆ. ಒಂದೆಡೆ ಮಾಸಪತ್ರಿಕೆ, ಇನ್ನೊಂದೆಡೆ ಜಾತ್ರೆಗೊಮ್ಮೆ ಬರುವ ಸಂಚಿಕೆ, ಮತ್ತೊಂದೆಡೆ ಊರಿನ ಇತಿಹಾಸದ ಸಣ್ಣ ಹೊತ್ತಿಗೆ. ಇವು ಸಣ್ಣ ಕೆಲಸಗಳಲ್ಲ. ನಮ್ಮ ಕೆರೆಗೆ ಹೂಳು ತುಂಬಿದ್ದು ಹೇಗೆ, ಅಗಸಿ ಬಾಗಿಲ ಕಲ್ಲುಗಳು ಎಲ್ಲಿ ಹೋದವು, ಸಂತೆ ಮಂಗಳವಾರದಿಂದ ಶುಕ್ರವಾರಕ್ಕೆ ಯಾಕೆ ಬದಲಾಯಿತು ಎಂಬುದನ್ನು ರಾಜಧಾನಿಯ ಪತ್ರಿಕೆ ಬರೆಯುವುದಿಲ್ಲ. ಅದನ್ನು ಊರಿನವರೇ ಬರೆಯಬೇಕು. ಆದರೂ ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಊರಿನ ಪತ್ರಿಕೆಯನ್ನು ಊರೇ ಮೂಸಿ ನೋಡುವುದಿಲ್ಲ.

ಊರ ಸುದ್ದಿ ಎಂಬುದು ಕನ್ನಡ ಪತ್ರಿಕೆಗೆ ಆಮೇಲೆ ಬಂದು ಸೇರಿದ್ದಲ್ಲ, ಹುಟ್ಟುತ್ತಲೇ ಬಂದದ್ದು. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ಮೊದಲ ಕನ್ನಡ ಪತ್ರಿಕೆಯ ಹೆಸರೇ 'ಮಂಗಳೂರ ಸಮಾಚಾರ'. ಒಂದು ಊರಿನ ಹೆಸರು ಹೊತ್ತುಕೊಂಡೇ ನಮ್ಮ ಪತ್ರಿಕೋದ್ಯಮ ಕಣ್ಣು ತೆರೆಯಿತು. ದೂರದ ಸುದ್ದಿಯ ಜೊತೆಗೆ ಊರಿನ ವರ್ತಮಾನಕ್ಕೂ ಅದರಲ್ಲಿ ಜಾಗವಿತ್ತು.

ಹಾಗಾದರೆ ಬರೆದದ್ದನ್ನು ಜನರಿಗೆ ಮುಟ್ಟಿಸುವುದು ಹೇಗೆ? ನಮ್ಮ ಹಾವೇರಿ ಸೀಮೆಯವರಿಗೆ ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ವೃತ್ತಿಯಿಂದ ಶಾಲೆಯ ಮಾಸ್ತರರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ'ಯ ಸಂಪಾದಕರಾದರು. ಆಗ ಈ ಭಾಗದಲ್ಲಿ ಮರಾಠಿಯ ಪ್ರಭಾವ ಇನ್ನೂ ಬಲವಾಗಿತ್ತು. ಕನ್ನಡ ಕಾದಂಬರಿಗೆ ಓದುಗರು ಇರಲಿಲ್ಲ, ಅವರನ್ನು ಹುಟ್ಟಿಸಬೇಕಾಗಿತ್ತು. ಗಳಗನಾಥರು ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ, ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. ಕನ್ನಡ ಸಾಹಿತ್ಯದ ಸಭೆಗಳಲ್ಲಿ ಈ ಸಂಗತಿಯನ್ನು ಅವರ ಕಷ್ಟದ ಕಥೆಯೆಂದು ಹೇಳಿ ಕಣ್ಣೀರು ತರಿಸುವುದು ವಾಡಿಕೆ. ನನಗೆ ಮಾತ್ರ ಅದರಲ್ಲಿ ಕಷ್ಟದ ಜೊತೆಗೆ ಬುದ್ಧಿವಂತಿಕೆಯೂ ಕಾಣುತ್ತದೆ. ಬಾಗಿಲಿಗೆ ಹೋದ ಲೇಖಕನಿಗೆ ಬಾಗಿಲು ತೆರೆಯುವವರು ಯಾರು? ಹಗಲು ಹೊತ್ತಿನಲ್ಲಿ ಬಹುಪಾಲು ಮನೆಗಳಲ್ಲಿ ಹೆಂಗಸರೇ. ಅವರಲ್ಲಿ ಓದು ಬಲ್ಲವರು ಆಗ ಕಡಿಮೆ. ಆದರೆ 'ಇದೇನು ಪುಸ್ತಕ?' ಎಂದು ಕೇಳಲು ಓದು ಬೇಕಾಗಿಲ್ಲವಲ್ಲ.

ಇನ್ನು ನಮ್ಮ ಊರಿನ ಮಾಸಪತ್ರಿಕೆಯೊಂದರ ಕಥೆಗೆ ಬರುತ್ತೇನೆ. ಹೆಸರು ಬೇಡ, ಅದನ್ನು ನಡೆಸುವವರು ಸಜ್ಜನರು. ಅದರಲ್ಲಿ ಬರುವ ಶಾಸನದ ಟಿಪ್ಪಣಿ, ಹಳೆಯ ಮನೆತನಗಳ ವಿವರ, ಮಳೆಯ ಲೆಕ್ಕ ಇವೆಲ್ಲ ಓದಲು ಯೋಗ್ಯವಾದವು. ಅದರ ಪ್ರಚಾರ ನಡೆದ ಬಗೆಯನ್ನು ಮಾತ್ರ ಪರೀಕ್ಷಿಸಬೇಕು. ಬಿಡುಗಡೆಯ ಸಮಾರಂಭ ಇಟ್ಟದ್ದು ಪುರಭವನದಲ್ಲಿ, ಸಂಜೆ ಐದೂವರೆಗೆ. ಅದು ನಳ ಬರುವ ಹೊತ್ತು, ಮಕ್ಕಳು ಸಾಲೆಯಿಂದ ಹಸಿದು ಬರುವ ಹೊತ್ತು, ಹಾಲು ಕಾಯಿಸುವ ಹೊತ್ತು. ಕರಪತ್ರಗಳನ್ನು ಹಂಚಿದ್ದು ಬಸ್‌ಸ್ಟ್ಯಾಂಡಿನಲ್ಲಿ, ಚಹಾದ ಅಂಗಡಿಗಳಲ್ಲಿ, ಕ್ಷೌರದ ಅಂಗಡಿಗಳಲ್ಲಿ. ಉಳಿದವನ್ನು ದಿನಪತ್ರಿಕೆಯ ಮಡಿಕೆಯೊಳಗೆ ಇಟ್ಟು ಹುಡುಗರ ಕೈಯಲ್ಲಿ ಕಳಿಸಿದರು. ಮನೆಯಲ್ಲಿ ದಿನಪತ್ರಿಕೆಯನ್ನು ಮೊದಲು ಬಿಡಿಸುವವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಅವರ ತೊಡೆಯಿಂದ ಜಾರಿದ ಕರಪತ್ರ ನಮ್ಮ ಕೈಗೆ ಬರುವುದು ಕಸ ಗುಡಿಸುವಾಗ.

ಆ ಕರಪತ್ರವನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಕನ್ನಡ ಕಲಿಸುವವಳಾದ್ದರಿಂದ ಪ್ರಬಂಧ ತಿದ್ದುವ ಕಣ್ಣಿನಿಂದಲೇ ಓದಿದೆ. ಅದರಲ್ಲಿ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಉಪಸ್ಥಿತರು, ಗೌರವ ಉಪಸ್ಥಿತರು ಎಂದು ಇಪ್ಪತ್ತೇಳು ಹೆಸರುಗಳಿವೆ. ಎಲ್ಲವೂ ಗಂಡಸರ ಹೆಸರುಗಳೇ. ಪ್ರಾರ್ಥನಾ ಗೀತೆಗೆ ಮಾತ್ರ ಇಬ್ಬರು ಹುಡುಗಿಯರು. ಪತ್ರಿಕೆಯಲ್ಲಿ ಏನಿದೆ, ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ಮನೆಯ ಊಟಕ್ಕೆ ಕರೆದು, ಬಡಿಸುವವರ ಹೆಸರು ಓದಿ ಕಳಿಸಿದ ಹಾಗಾಯಿತು.

ಇದರ ಪಕ್ಕದಲ್ಲಿ ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲನ್ನು ಇಟ್ಟು ನೋಡಿ. ನಮ್ಮ ಬಾಲ್ಯದಲ್ಲಿ ಜಾತ್ರೆಗೆ ಕಂಪನಿ ಬಂತೆಂದರೆ ಬಂಡಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಓಣಿಓಣಿಗೆ ಬರುತ್ತಿದ್ದರು. ಬಣ್ಣದ ತೆಳು ಕಾಗದದಲ್ಲಿ ನಾಟಕದ ಹೆಸರು, ಶುರುವಾಗುವ ಹೊತ್ತು, ಟಿಕೀಟಿನ ದರ ಇವೆಲ್ಲ ದಪ್ಪಕ್ಷರಗಳಲ್ಲಿ ಇರುತ್ತಿದ್ದವು. ಕೆಳಗೆ ಒಂದು ಸಾಲು, 'ಸ್ತ್ರೀಯರಿಗೆ ಪ್ರತ್ಯೇಕ ಆಸನದ ವ್ಯವಸ್ಥೆ ಇದೆ'. ಆ ಒಂದು ಸಾಲಿನ ಬೆಲೆ ಎಷ್ಟೆಂದು ಕಂಪನಿಯ ಮಾಲೀಕರಿಗೆ ಗೊತ್ತಿತ್ತು. 'ನೀನೂ ಬರಬಹುದು, ನಿನಗಾಗಿ ಜಾಗವಿದೆ' ಎಂದು ಅದು ಹೇಳುತ್ತಿತ್ತು. ಸಾಹಿತಿಗಳು ಹಗುರವಾಗಿ ಕಾಣುವ ಕಂಪನಿಯವರು ಓದುಗರನ್ನು, ಅಲ್ಲ, ನೋಡುಗರನ್ನು ಎಷ್ಟು ಚೆನ್ನಾಗಿ ಅರಿತಿದ್ದರು!

ಅದಕ್ಕೂ ಹಿಂದಿನದು ಡಂಗುರ. ತಳವಾರ ಹಲಗೆ ಬಾರಿಸುತ್ತ ಬಂದು ಮೂಲೆಮೂಲೆಗೆ ನಿಂತು, ಒಂದೇ ವಿಷಯವನ್ನು ಆಡುಮಾತಿನಲ್ಲಿ ಎರಡು ಸಲ ಹೇಳಿ ಮುಂದೆ ಹೋಗುತ್ತಿದ್ದ. ಹಿಟ್ಟು ನಾದುತ್ತಿದ್ದ ಕೈಯಲ್ಲೇ ಹೆಂಗಸರು ಹೊಸ್ತಿಲಿಗೆ ಬಂದು ಕೇಳುತ್ತಿದ್ದರು. ಕೀರ್ತನೆಯೂ ಹಾಗೆಯೇ. ಸಕ್ಕರಿ ಬಾಳಾಚಾರ್ಯ ಶಾಂತಕವಿಗಳು (1856-1920) ಕನ್ನಡದ ಅಭಿಮಾನವನ್ನು ಜನರಲ್ಲಿ ಮೂಡಿಸಲು ಕೀರ್ತನೆಯನ್ನು ಬಳಸಿದರು. ಗುಡಿಯ ಪೌಳಿಗೆ ಹೋಗಲು ಹೆಂಗಸರು ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ. ಪ್ರಚಾರವೆಂದರೆ ಕೂಗುವುದಲ್ಲ, ಕೇಳುವವರು ಇದ್ದಲ್ಲಿಗೆ ಹೋಗಿ ನಿಲ್ಲುವುದು ಎಂಬ ಸಣ್ಣ ತಿಳಿವಳಿಕೆ ಈ ಎರಡರಲ್ಲೂ ಇದೆ.

ಹಾಗಾದರೆ ಇವತ್ತು ನಾವು ಹೆಂಗಸರು ಇರುವುದೆಲ್ಲಿ? ಸೋದರಿಯರೆ, ನೀವೇ ಒಂದು ದಿನದ ನಿಮ್ಮ ನಡಿಗೆಯನ್ನು ನೆನಪಿಸಿಕೊಳ್ಳಿ. ಹಿಟ್ಟಿನ ಗಿರಣಿ, ರೇಷನ್ ಅಂಗಡಿಯ ಸಾಲು, ಜಂಪರ್ ಹೊಲಿಯುವವರ ಮನೆ, ಸಾಲೆಯ ಗೇಟು, ಮಂಗಳವಾರದ ದೇವಿಯ ಗುಡಿ, ಸ್ವಸಹಾಯ ಸಂಘದ ವಾರದ ಸಭೆ. ಈ ಎಲ್ಲ ಕಡೆಯೂ ನಾವು ಕಾಯುತ್ತೇವೆ. ಗಿರಣಿಯ ಕಟ್ಟೆಯ ಮೇಲೆ ಡಬ್ಬಿ ಪಾಳಿಗೆ ಇಟ್ಟು ಅರ್ಧ ತಾಸು ಕೂಡುವವರ ಕೈಗೆ ಓದಲು ಏನಾದರೂ ಕೊಟ್ಟವರುಂಟೆ?

ಇದನ್ನು ಬರೀ ಮಾತಿನಲ್ಲಿ ಹೇಳಬಾರದೆಂದು ನಾನು ಪತ್ರಿಕೆಯವರಿಂದ ಹಳೆಯ ಸಂಚಿಕೆಯ ಇಪ್ಪತ್ತು ಪ್ರತಿ ಇಸಿದುಕೊಂಡು ನಾಲ್ಕು ಕಡೆ ಐದೈದು ಇಟ್ಟೆ. ಊರಿನ ಬಾವಿಗಳ ಬಗ್ಗೆ ಲೇಖನವಿದ್ದ ಸಂಚಿಕೆ ಅದು. ದಾರ ಪೋಣಿಸಿ ಮೊಳೆಗೆ ತೂಗುಹಾಕಿದ್ದೆ, ಒಯ್ಯಬೇಡಿರೆಂದು ಬರೆದಿದ್ದೆ. ಹದಿನೈದು ದಿನ ಬಿಟ್ಟು ಹೋದರೆ ಗಿರಣಿಯ ಐದೂ ಪ್ರತಿಗಳ ಅಂಚು ಹಿಟ್ಟಿನ ಬೆರಳಿನಿಂದ ಬೆಳ್ಳಗಾಗಿತ್ತು. ರೇಷನ್ ಅಂಗಡಿಯಲ್ಲಿ ಮೂರು ಕಾಣೆಯಾಗಿದ್ದವು. ಗುಡಿಯಲ್ಲಿಟ್ಟವನ್ನು ಯಾರೂ ಮುಟ್ಟಿರಲಿಲ್ಲ, ದೇವರ ಮುಂದೆ ಬಾವಿಯ ಲೇಖನಕ್ಕೆ ಬಿಡುವು ಸಿಗಲಿಲ್ಲವೇನೋ. ಜಂಪರ್ ಹೊಲಿಯುವವಳು ಮಾತ್ರ ತಾನೇ ಗಟ್ಟಿಯಾಗಿ ಓದಿ ಬಂದವರಿಗೆ ಕೇಳಿಸಿದ್ದಳು.

ಗಿರಣಿಯಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು ನನ್ನನ್ನು ನಿಲ್ಲಿಸಿ ಕೇಳಿದರು, "ಅಕ್ಕೋರ, ಇದನ್ನ ಬರದಾವ್ರು ಯಾರ್ರೀ? ಆ ಬಾವಿ ಗೌಡ್ರು ಕಟ್ಟಿಸಿದ್ದಲ್ರೀ. ಅವರ ಮನಿ ಹಿರೀ ಸೊಸಿ, ಗಂಡ ಸತ್ತ ಮ್ಯಾಲೆ ತನ್ನ ಬಂಗಾರ ಮಾರಿ ತೋಡಿಸಿದ್ದು. ನಮ್ಮವ್ವ ನೀರು ಸೇದೂ ಮುಂದ ಆಕೀನ್ನ ನೆನಿಸೇ ಕೊಡಾ ಇಳಸ್ತಿದ್ಲು."

"ಇದನ್ನ ಅವರಿಗೆ ಹೇಳಬೇಕಿತ್ತಲ್ಲ, ಅವ್ವಾರ?" ಎಂದೆ.

"ನಮ್ಮನ್ನ ಯಾರು ಕೇಳ್ಯಾರ್ರೀ?" ಎಂದರು.

ಈ ಮಾತಿನಲ್ಲಿ ಪತ್ರಿಕೆಯ ಪ್ರಚಾರದ ಸೋಲು ಮಾತ್ರವಲ್ಲ, ಬರವಣಿಗೆಯ ಸೋಲೂ ಇದೆ. ಬರಹವನ್ನು ಒಯ್ಯುವ ದಾರಿಯಲ್ಲಿ ಹೆಂಗಸರು ಸಿಗಲಿಲ್ಲ, ಅದಕ್ಕೆ ಮೊದಲು ವಿಷಯ ಕೂಡಿಹಾಕಿದ ದಾರಿಯಲ್ಲೂ ಸಿಕ್ಕಿರಲಿಲ್ಲ. ಒಂದು ಬಾವಿಯ ಮೇಲೆ ಒಬ್ಬ ಗೌಡರ ಹೆಸರು ಅಚ್ಚಾಗಿ ಕೂತಿತು. ಐವತ್ತು ವರ್ಷದ ಮೇಲೆ ಯಾರಾದರೂ ಊರಿನ ಇತಿಹಾಸ ಬರೆದರೆ ಈ ಪುಟವನ್ನೇ ಆಧಾರವಾಗಿ ಹಿಡಿಯುತ್ತಾರೆ, ಆಗ ಆ ಸೊಸೆ ಎರಡನೆಯ ಸಲ ಸತ್ತ ಹಾಗೆ. ಓದುಗರನ್ನು ಹುಡುಕಿಕೊಂಡು ಹೋಗುವುದು ಬರೀ ಪ್ರತಿ ಮಾರುವ ಉಪಾಯವಲ್ಲ, ಬರೆದದ್ದು ಸತ್ಯವೇ ಎಂದು ಪರೀಕ್ಷೆಗೆ ಒಡ್ಡುವ ದಾರಿಯೂ ಹೌದೆಂದು ನಾನು ಹೇಳುವುದು ಇದಕ್ಕಾಗಿ.

ನಮ್ಮ ಹಿರಿಯ ಲೇಖಕಿಯರ ಬದುಕಿನಲ್ಲೂ ಇದರ ಎರಡು ಮುಖಗಳು ಕಾಣುತ್ತವೆ. ನಂಜನಗೂಡು ತಿರುಮಲಾಂಬ (1887-1982) ಬಾಲವಿಧವೆಯಾಗಿ ಮನೆಯ ಗೋಡೆಗಳ ನಡುವೆಯೇ ಬೆಳೆದವರು. 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ಆ ಕಾಲದ ವಿಧವೆಯೊಬ್ಬಳು ಗಳಗನಾಥರಂತೆ ಹೊರೆ ಹೊತ್ತು ಬೀದಿಗೆ ಇಳಿಯುವುದು ಸಾಧ್ಯವಿತ್ತೆ? ಅವರ ಮಾತುಗಳು ಅಂಚೆಯ ಚೀಲದಲ್ಲಿ ಹೋಗಬೇಕಾಗಿತ್ತು. ಪತ್ರಿಕೆ ನಿಂತಿತು, ಅವರು ಬಹುಕಾಲ ಎಲೆಮರೆಯಲ್ಲೇ ಉಳಿದರು. ಆರ್. ಕಲ್ಯಾಣಮ್ಮನವರು 1921ರಲ್ಲಿ ಬೆಂಗಳೂರಿನಿಂದ ಹೊರಡಿಸಿದ 'ಸರಸ್ವತಿ' ಮಾತ್ರ ಸುಮಾರು ನಾಲ್ಕು ದಶಕ ನಡೆಯಿತು. ಅವರೇ ಮಕ್ಕಳ ಕೂಟವನ್ನೂ ಕಟ್ಟಿದರು. ಮಕ್ಕಳು ಕೂಡಿದಲ್ಲಿ ತಾಯಂದಿರು ಬರುತ್ತಾರೆ. ಪತ್ರಿಕೆಯ ಆಯುಷ್ಯಕ್ಕೆ ಇಂಥ ಅಂಗಳವೊಂದು ನೀರೆರೆಯುತ್ತದೆ ಎಂಬುದು ನನ್ನ ಎಣಿಕೆ.

1990ರ ದಶಕದ ಸಾಕ್ಷರತಾ ಆಂದೋಲನವನ್ನೂ ಇಲ್ಲಿ ನೆನೆಯಬೇಕು. ಕಲಾಜಾಥಾದವರು ಹಾಡು ಹೇಳುತ್ತ, ಬೀದಿ ನಾಟಕ ಆಡುತ್ತ ಹಳ್ಳಿಹಳ್ಳಿಗೆ ಬಂದರು. ಹೊಲದಿಂದ ಬಂದ ಹೆಂಗಸರು ರಾತ್ರಿ ಲಾಟೀನಿನ ಬೆಳಕಿನಲ್ಲಿ ಸ್ಲೇಟು ಹಿಡಿದರು. ಬಾಗಿಲಿಗೆ ಹೋಗಿ ಕರೆದರೆ ಬರುತ್ತಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಅಕ್ಷರ ಕಲಿತ ಮೇಲೆ ಓದಲು ಅವರ ಊರಿನದೇ ಆದ ಎಂಟು ಪುಟವನ್ನು ಕೊಡುವವರು ಎಷ್ಟು ಊರುಗಳಲ್ಲಿ ಇದ್ದರು? ಕಲಿತ ಅಕ್ಷರ ಬಸ್ಸಿನ ಬೋರ್ಡಿಗೆ, ಬ್ಯಾಂಕಿನ ಸಹಿಗೆ ಮುಗಿದ ಎಷ್ಟೋ ತಾಯಂದಿರನ್ನು ನಾನು ಬಲ್ಲೆ.

'ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಗಿರಣಿಗೆ ಯಾಕೆ ಹೋಗಬೇಕು?' ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಅನೇಕ ಮನೆಗಳಲ್ಲಿ ಅದು ಗಂಡನದೋ ಮಗನದೋ ಆಗಿರುತ್ತದೆ, ತಾಯಿಯ ಕೈಗೆ ಬರುವುದು ರಾತ್ರಿ ಹತ್ತರ ಮೇಲೆ. ಅದರಲ್ಲಿ ಬಂದು ಬೀಳುವ ನೂರು ಸಂಗತಿಗಳ ನಡುವೆ ಊರಿನ ಬಾವಿ ಎಲ್ಲಿ ಮುಳುಗಿತೆಂದು ತಿಳಿಯುವುದೂ ಇಲ್ಲ. ಗಿರಣಿಯಲ್ಲಿ ತೂಗುವ ಕಾಗದ ಜಾಗ ಬಿಟ್ಟು ಹೋಗುವುದಿಲ್ಲ. ಒಬ್ಬಳು ಓದಿದ್ದನ್ನು ಪಕ್ಕದವಳು ಕೇಳುತ್ತಾಳೆ, ಮೂರನೆಯವಳು ತಪ್ಪು ಹಿಡಿಯುತ್ತಾಳೆ.

ಪತ್ರಿಕೆಯವರ ಪಕ್ಷದಿಂದಲೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಅಚ್ಚಿನ ಖರ್ಚು ಹುಟ್ಟುವುದು ಜಾಹೀರಾತಿನಿಂದ, ಜಾಹೀರಾತು ಕೊಡುವವರಿಗೆ ವೇದಿಕೆಯೂ ಶಾಲೂ ಬೇಕು. ಆ ಇಪ್ಪತ್ತೇಳು ಹೆಸರುಗಳ ಹಿಂದೆ ಈ ಲೆಕ್ಕವಿದೆಯೆಂದು ನನಗೆ ಗೊತ್ತು. ಆದರೆ ಶಾಲು ಹೊದಿಸಿದ ಗಣ್ಯರು ಮುಂದಿನ ತಿಂಗಳು ಪತ್ರಿಕೆ ಓದುತ್ತಾರೆಯೆ? ನಮ್ಮ ಗಿರಣಿ ಮತ್ತು ಹೊಲಿಗೆಯ ಮನೆಯಿಂದ ಒಂಬತ್ತು ಜನ ಹೆಣ್ಣುಮಕ್ಕಳು ವರ್ಷದ ಚಂದಾ ಕೊಟ್ಟರು. ಒಂಬತ್ತು ಚಂದಾದಿಂದ ಅಚ್ಚಿನ ಸಾಲ ತೀರುವುದಿಲ್ಲ. ಆದರೂ ಇವರು ಮೊಹಮಾಟಕ್ಕೆ ಕೊಟ್ಟವರಲ್ಲ, ಮುಂದಿನ ಸಂಚಿಕೆ ತಡವಾದರೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳುವವರು.

ಆದ್ದರಿಂದ ಊರಿನ ಬಗ್ಗೆ ಬರೆಯುವ ಅಣ್ಣಂದಿರಿಗೆ ನನ್ನ ವಿನಂತಿ ಇಷ್ಟೇ. ಕರಪತ್ರದಲ್ಲಿ ಹತ್ತು ಹೆಸರು ಕಡಿಮೆ ಮಾಡಿ, ಒಳಗೆ ಏನಿದೆಯೆಂದು ಎರಡು ಸಾಲು ಬರೆಯಿರಿ. ಬಿಡುಗಡೆಯನ್ನು ಮಧ್ಯಾಹ್ನ ಮೂರಕ್ಕೆ, ಸಾಲೆಯ ಅಂಗಳದಲ್ಲಿ ಇಡಿರಿ. ಗಿರಣಿಗೆ ಒಂದು ಪ್ರತಿ, ಜೊತೆಗೆ ದಾರದಲ್ಲಿ ಕಟ್ಟಿದ ಒಂದು ಪೆನ್ಸಿಲು ಕಳಿಸಿರಿ. ಅಂಚಿನಲ್ಲಿ ಅವರು ತಿದ್ದಿ ಬರೆದದ್ದನ್ನು ಮುಂದಿನ ಸಂಚಿಕೆಯಲ್ಲಿ ಅವರ ಹೆಸರಿನೊಂದಿಗೆ ಅಚ್ಚು ಹಾಕಿರಿ. ಬಾವಿ ತೋಡಿಸಿದ ಆ ಸೊಸೆಯ ಹೆಸರು ಹೇಳಬಲ್ಲವರು ನಮ್ಮ ಊರಿನಲ್ಲಿ ಇನ್ನು ಮೂರು ನಾಲ್ಕು ಜನ ಮಾತ್ರ ಉಳಿದಿದ್ದಾರೆ. ಎಲ್ಲರಿಗೂ ಎಂಬತ್ತು ದಾಟಿದೆ.