ಹಳೆಯ ಕ್ಯಾಮೆರಾದ ನಿಜವಾದ ಗುಣ ಬಣ್ಣವಲ್ಲ

ಹಳೆಯ ಡಿಜಿಟಲ್ ಕ್ಯಾಮೆರಾಗಳಿಗೆ ಈಗ ಬಂದಿರುವ ಕೀರ್ತಿ ಅವುಗಳಿಗೆ ಸಲ್ಲಬೇಕಾದದ್ದೇ. ಆದರೆ ಅದು ತಪ್ಪು ಕಾರಣಕ್ಕೆ ಬಂದಿದೆ. 2003ರಿಂದ 2008ರವರೆಗಿನ ಕ್ಯಾಮೆರಾಗಳನ್ನು, ಅದರಲ್ಲೂ ಸಿಸಿಡಿ ಸೆನ್ಸರ್ ಇರುವಂಥವನ್ನು, ಹುಡುಕಿ ಕೊಳ್ಳುವವರ ಬಾಯಲ್ಲಿ ಒಂದೇ ಮಾತು: ಆ ಬಣ್ಣ ಇಂದಿನ ಸಿಮಾಸ್ ಸೆನ್ಸರಿನಲ್ಲಿ ಬರುವುದಿಲ್ಲ. ವಿಮರ್ಶಕರು ಇದನ್ನು ಪರೀಕ್ಷಿಸದೆ ಒಬ್ಬರಿಂದೊಬ್ಬರು ಎತ್ತಿಕೊಂಡು ಬರೆಯುತ್ತಿದ್ದಾರೆ. ಕೈಯಲ್ಲಿ ಸ್ವಲ್ಪವೇ ಹಣ ಇಟ್ಟುಕೊಂಡು ಮೊದಲ ಕ್ಯಾಮೆರಾ ಕೊಳ್ಳಲು ಹೊರಟ ಅಕ್ಕಲಕೋಟೆಯ, ದಕ್ಷಿಣ ಸೊಲ್ಲಾಪುರದ ನಮ್ಮ ಹುಡುಗ ಹುಡುಗಿಯರು ಇದನ್ನು ನಂಬುತ್ತಿದ್ದಾರೆ. ಆದ್ದರಿಂದ ಈ ಮಾತನ್ನು ಬಿಡಿಸಿ ನೋಡಲೇಬೇಕು.

ಸೆನ್ಸರಿನ ಸಿಲಿಕಾನಿಗೆ ಬಣ್ಣ ಗೊತ್ತಿಲ್ಲ. ಅದು ಎಣಿಸುವುದು ಬೆಳಕನ್ನು ಮಾತ್ರ. ಬಣ್ಣ ಬರುವುದು ಅದರ ಮೇಲೆ ಹಾಸಿರುವ ಕೆಂಪು, ಹಸಿರು, ನೀಲಿ ಸೋಸುಕಗಳಿಂದ, ಆಮೇಲೆ ಆ ಎಣಿಕೆಯನ್ನು ಚಿತ್ರವಾಗಿಸುವ ಲೆಕ್ಕದಿಂದ. ಸಿಸಿಡಿಗೂ ಸಿಮಾಸ್‌ಗೂ ಇರುವ ವ್ಯತ್ಯಾಸ, ಕೂಡಿದ ವಿದ್ಯುತ್ತನ್ನು ಹೊರಗೆ ಸಾಗಿಸುವ ರೀತಿಯಲ್ಲಿದೆ. ಸಿಸಿಡಿ ಅದನ್ನು ಸಾಲು ಸಾಲಾಗಿ ಸರಿಸಿ ಅಂಚಿಗೆ ತಂದು ಅಳೆಯುತ್ತದೆ. ಸಿಮಾಸ್ ಪ್ರತಿ ಚುಕ್ಕೆಯಲ್ಲೇ ಅದನ್ನು ಹಿಗ್ಗಿಸುತ್ತದೆ. ಚರ್ಮದ ಬಣ್ಣಕ್ಕೂ ಈ ಸಾಗಾಣಿಕೆಗೂ ಸಂಬಂಧವಿಲ್ಲ. 2003ರ ಕ್ಯಾನನ್ 300ಡಿ, 2005ರ ಕ್ಯಾನನ್ 5ಡಿ ಎರಡೂ ಸಿಮಾಸ್. ‘ಹಳೆಯ ಬಣ್ಣ’ವನ್ನು ಕೊಂಡಾಡುವವರೇ ಇವುಗಳ ಚರ್ಮದ ಬಣ್ಣವನ್ನೂ ಕೊಂಡಾಡುತ್ತಾರೆ. ಅವರಿಗೆ ಹಿಡಿಸಿರುವುದು ಆ ಕಾಲದ ಜೆಪೆಗ್ ಲೆಕ್ಕ, ಆ ಕಾಲದ ವೈಟ್ ಬ್ಯಾಲೆನ್ಸ್. ರಾ ಫೈಲ್ ತೆಗೆದು ಸಿಸಿಡಿ, ಸಿಮಾಸ್ ಎರಡಕ್ಕೂ ಒಂದೇ ಬಗೆಯ ಪ್ರೊಫೈಲನ್ನು ಹೊಂದಿಸುತ್ತ ಹೋದರೆ ಅಂತರ ಕರಗುತ್ತ ಹೋಗುತ್ತದೆ. ಇನ್ನು ಬಣ್ಣವೇ ಚಿತ್ರದ ಪ್ರಾಣ ಎನ್ನುವವರು ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ.

ಹಾಗಾದರೆ ಈ ಕ್ಯಾಮೆರಾಗಳ ಗುಣ ಯಾವುದು? ಅದು ಷಟರಿನಲ್ಲಿದೆ. ಹೊಗಳುವವರು ಅದರ ಹತ್ತಿರವೂ ಸುಳಿಯುವುದಿಲ್ಲ. ನಿಕಾನ್ ಡಿ70 (2004), ಡಿ50 (2005), ಡಿ40 (2006) ಈ ಮೂರರಲ್ಲೂ 6 ಮೆಗಾಪಿಕ್ಸೆಲ್ ಸಿಸಿಡಿ ಇದೆ. ಆ ಸಿಸಿಡಿಯನ್ನು ವಿದ್ಯುತ್ತಿನಿಂದಲೇ ತೆರೆದು ಮುಚ್ಚಬಹುದು. ಅದಕ್ಕೇ ಇವು ಫ್ಲ್ಯಾಶ್ ಜೊತೆ 1/500 ಸೆಕೆಂಡಿನವರೆಗೂ ಓಡುತ್ತವೆ. ಇಂದಿನ ಬಹುಪಾಲು ಕ್ಯಾಮೆರಾಗಳು 1/200 ಅಥವಾ 1/250ಕ್ಕೆ ನಿಲ್ಲುತ್ತವೆ. ಕೊಳ್ಳುವವರು ಒಂದನ್ನು ಗಮನಿಸಲಿ: ಡಿ40ರ ನಂತರ 2007ರಲ್ಲಿ ಬಂದ ಡಿ40ಎಕ್ಸ್ ಕೂಡ ಸಿಸಿಡಿಯೇ, ಆದರೆ ಅದರ ಮಿತಿ 1/200. ಅಂದರೆ ‘ಸಿಸಿಡಿ’ ಎಂಬ ಹೆಸರು ನೋಡಿ ಕೊಂಡರೆ ಸಾಲದು, ಯಾವ ಮಾದರಿ ಎಂದು ನೋಡಬೇಕು.

ಈ ಸಂಖ್ಯೆಯ ಬೆಲೆ ತಿಳಿಯಬೇಕಾದರೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಬೇಕು. ಸಿದ್ಧರಾಮನ ಚರಿತ್ರೆ, ಅರವತ್ತೆಂಟು ಲಿಂಗ, ಕುಂಬಾರ ಕನ್ಯೆಯ ಕಥೆ ಓದುಗರಿಗೆ ಗೊತ್ತಿರುವುದೇ. ನನ್ನ ಮಾತು ಸಮ್ಮತಿ ಕಟ್ಟೆಯ ಬಳಿ ನಡೆಯುವ ಅಕ್ಷತೆಯ ಮಧ್ಯಾಹ್ನದ ಬೆಳಕಿನದು. ಏಳು ನಂದಿಧ್ವಜಗಳು, ಅವುಗಳ ಸುತ್ತ ಬಿಳಿ ಬಾರಾಬಂದಿ ತೊಟ್ಟ ಭಕ್ತರು, ಅವರ ಹಿಂದೆ ಸಾವಿರಾರು ಕಪ್ಪು ತಲೆಗಳು. ಅಗ್ಗದ ಕ್ಯಾಮೆರಾಕ್ಕೆ ಇದಕ್ಕಿಂತ ಕಷ್ಟದ ಪರೀಕ್ಷೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಮೊದಲ ಕಷ್ಟ ಬಿಳಿಯದು. ಕ್ಯಾಮೆರಾದ ಮೀಟರ್ ಚೌಕಟ್ಟಿನಲ್ಲಿರುವುದನ್ನೆಲ್ಲ ಸೇರಿಸಿ ನಡುಬೂದಿಗೆ ತರಲು ನೋಡುತ್ತದೆ. ಜನಜಂಗುಳಿ ಹೆಚ್ಚು ತುಂಬಿದರೆ ಅದು ಬೆಳಕನ್ನು ಏರಿಸುತ್ತದೆ, ಬಾರಾಬಂದಿ ಸುಟ್ಟು ಹೋಗುತ್ತದೆ. ಬಿಳಿಯೇ ಹೆಚ್ಚು ತುಂಬಿದರೆ ಇಳಿಸುತ್ತದೆ, ಮುಖಗಳು ಕಪ್ಪಾಗುತ್ತವೆ. ಹತ್ತು ಚಿತ್ರ ತೆಗೆದರೆ ಹತ್ತು ಬಗೆಯ ಬಿಳಿ. ಸುಟ್ಟ ಬಿಳಿ ಯಾವ ತಂತ್ರಾಂಶದಿಂದಲೂ ಮರಳದು. ಅಲ್ಲಿ ಬಟ್ಟೆಯ ಮಡಿಕೆಯೇ ದಾಖಲಾಗಿರುವುದಿಲ್ಲ. ಹೊಸ ಸೆನ್ಸರಾದರೆ ಬೆಳಕು ತುಂಬ ಇಳಿಸಿ ತೆಗೆದು ನೆರಳನ್ನು ಆಮೇಲೆ ಎತ್ತಬಹುದು. ಹಳೆಯದರಲ್ಲಿ ನೆರಳು ಎತ್ತಿದರೆ ಕಾಳುಕಾಳಾಗುತ್ತದೆ. ಮೇಲೂ ಕೆಳಗೂ ಜಾಗ ಕಡಿಮೆ. ಆದ್ದರಿಂದ ಇಲ್ಲಿ ಮೀಟರನ್ನು ಬಿಟ್ಟುಕೊಡಬೇಕು. ಸಂಕ್ರಾಂತಿಯ ಶುಭ್ರ ಆಕಾಶದಲ್ಲಿ ಆ ಒಂದು ಗಂಟೆ ಬಿಸಿಲು ಹೆಚ್ಚೂಕಡಿಮೆ ಬದಲಾಗುವುದಿಲ್ಲ. ಮ್ಯಾನುಯಲ್‌ನಲ್ಲಿ ಐಎಸ್‌ಒ 200, ಎಫ್/8, 1/800 ಎಂದರೆ ತುಂಬು ಬಿಸಿಲಿನ ಹಳೆಯ ಲೆಕ್ಕ. ಬಿಳಿಗಾಗಿ ಅದನ್ನು 1/1250ಕ್ಕೆ ಇಳಿಸಿ, ಒಂದು ಚಿತ್ರ ತೆಗೆದು, ಸುಟ್ಟ ಭಾಗ ಮಿನುಗಿ ತೋರುವ ಪರದೆಯಲ್ಲಿ ಬಾರಾಬಂದಿಯನ್ನು ಮಾತ್ರ ನೋಡಿ ಗಟ್ಟಿ ಮಾಡಿಕೊಂಡರೆ ಮತ್ತೆ ಮುಟ್ಟಬೇಕಿಲ್ಲ. ಎಸೆದ ಅಕ್ಷತೆಯ ಕಾಳೂ ಗಾಳಿಯಲ್ಲಿ ನಿಲ್ಲುತ್ತದೆ.

ಎರಡನೆಯ ಕಷ್ಟ ಮುಖದ್ದು. ಜನವರಿಯ ನಡುಹಗಲಲ್ಲೂ ಇಲ್ಲಿ ಸೂರ್ಯ ನೆತ್ತಿಗೆ ಬರುವುದಿಲ್ಲ. ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಧ್ವಜ ಹೊತ್ತವನು ದಕ್ಷಿಣಕ್ಕೆ ಮುಖ ಮಾಡಿ ಕಂಬದ ತುದಿಯತ್ತ ಗಲ್ಲ ಎತ್ತಿದರೆ ಕಣ್ಣುಗುಳಿಯ ತನಕ ಬೆಳಕು ಇಳಿಯುತ್ತದೆ. ಆ ಚಿತ್ರಕ್ಕೆ ಏನೂ ಬೇಡ, ಕಾದು ನಿಂತರೆ ಸಾಕು. ಅವನು ಉತ್ತರಕ್ಕೆ ತಿರುಗಿದ ಕ್ಷಣ ಹೆಗಲು ಮಾತ್ರ ಹೊಳೆಯುತ್ತದೆ, ಮುಖ ಮುಳುಗುತ್ತದೆ. ಅಲ್ಲಿ ಫ್ಲ್ಯಾಶ್ ಬೇಕು, 1/500 ಬೇಕಾಗುವುದೂ ಅಲ್ಲಿಯೇ.

ಲೆಕ್ಕ ಹೀಗಿದೆ. ಡಿ40ರ ಒಳಗಿನ ಫ್ಲ್ಯಾಶಿನ ಗೈಡ್ ನಂಬರ್ ಐಎಸ್‌ಒ 200ರಲ್ಲಿ 17 ಮೀಟರ್. ಬಿಸಿಲಿಗೆ 1/500ರಲ್ಲಿ ಎಫ್/11 ಸಾಕು. ಹದಿನೇಳನ್ನು ಹನ್ನೊಂದರಿಂದ ಭಾಗಿಸಿದರೆ ಒಂದೂವರೆ ಮೀಟರ್ ದೂರದವರೆಗೆ ಫ್ಲ್ಯಾಶ್ ಬಿಸಿಲಿಗೆ ಸಮನಾಗುತ್ತದೆ. ಮುಖದ ನೆರಳು ತಿಳಿಯಾಗಲು ಅದರ ಅರ್ಧ ಬೆಳಕು ಸಾಕಾದ್ದರಿಂದ ಸುಮಾರು 2.2 ಮೀಟರ್ ದೂರದಿಂದಲೂ ಕೆಲಸವಾಗುತ್ತದೆ. ಅಷ್ಟೇ ಶಕ್ತಿಯ ಫ್ಲ್ಯಾಶ್ ಇದ್ದು 1/200ಕ್ಕೆ ನಿಲ್ಲುವ ಕ್ಯಾಮೆರಾದಲ್ಲಿ ಅದೇ ಬಿಸಿಲಿಗೆ ಎಫ್/18ರ ತನಕ ಮುಚ್ಚಬೇಕಾಗುತ್ತದೆ. ಆಗ ಅದೇ ಅರ್ಧ ಬೆಳಕು 1.3 ಮೀಟರಿಗೆ ಮುಗಿಯುತ್ತದೆ. 2.2 ಎಂದರೆ ಧ್ವಜದ ದಾರಿಗೆ ಅಡ್ಡ ಬರದೆ ನಿಲ್ಲುವ ದೂರ. 1.3 ಎಂದರೆ ಭಾರ ಹೊತ್ತವನ ಎದೆಗೆ ಕ್ಯಾಮೆರಾ ತಾಗಿಸುವ ದೂರ, ಅವನ ವ್ರತಕ್ಕೆ ಅಡ್ಡಿ ಮಾಡುವ ದೂರ. ಹೊಸ ಕ್ಯಾಮೆರಾಗಳಲ್ಲಿ ಹೈಸ್ಪೀಡ್ ಸಿಂಕ್ ಇದೆಯಲ್ಲ ಎನ್ನಬಹುದು. ಇದೆ, ಅದಕ್ಕೆ ಸಾಮಾನ್ಯವಾಗಿ ಬೇರೆ ಫ್ಲ್ಯಾಶ್ ಕೊಳ್ಳಬೇಕು, ಕೊಂಡರೂ ಅದರ ಶಕ್ತಿಯ ದೊಡ್ಡ ಪಾಲು ಪೋಲಾಗುತ್ತದೆ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಳೆಯ, ತಲೆಯ ಮೇಲೆ ಪುಟ್ಟ ಫ್ಲ್ಯಾಶ್ ಇರುವ ಪ್ಲಾಸ್ಟಿಕ್ ಕ್ಯಾಮೆರಾ ಇದನ್ನು ಹಾಗೇ ಕೊಡುತ್ತದೆ. ಬಣ್ಣದ ಭಜನೆಯಲ್ಲಿ ಮರೆತುಹೋದದ್ದು ಈ ಗುಣ.

ಲೆನ್ಸಿನ ವಿಷಯದಲ್ಲಿ ಮಾತು ಚಿಕ್ಕದು. 18–55 ಕಿಟ್ ಲೆನ್ಸ್ ಎಫ್/8ರಲ್ಲಿ, ತುಂಬು ಬಿಸಿಲಿನಲ್ಲಿ, ಆರು ಮೆಗಾಪಿಕ್ಸೆಲ್‌ಗೆ ಬೇಕಾದಷ್ಟು ಚೂಪಾಗಿದೆ. ಆರು ಮೆಗಾಪಿಕ್ಸೆಲ್ ಎಂದರೆ 3008×2000 ಚುಕ್ಕೆ. 300 ಡಿಪಿಐಯಲ್ಲಿ ಹತ್ತು ಇಂಚು ಅಗಲ, ಅಂದರೆ ಮಾಸಪತ್ರಿಕೆಯ ಪುಟಕ್ಕೆ ಸಾಕು. ಅಗ್ಗದ 50 ಎಂಎಂ ಎಫ್/1.8 ಲೆನ್ಸನ್ನು ಪೂರ್ತಿ ತೆರೆದು ಬಿಳಿ ಅಂಗಿಯತ್ತ ಹಿಡಿದರೆ ಅಂಚಿಗೆ ನೇರಳೆ ಗೆರೆ ಹತ್ತುತ್ತದೆ. ಎಫ್/4ಕ್ಕೆ ಮುಚ್ಚಿದರೆ ಬಹುಮಟ್ಟಿಗೆ ಹೋಗುತ್ತದೆ. ನಿಕಾನಿನ ಹಳೆಯ 50 ಎಂಎಂ ‘ಡಿ’ ಲೆನ್ಸ್ ಡಿ40ರಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ, ಏಕೆಂದರೆ ಆ ಕ್ಯಾಮೆರಾದ ಒಳಗೆ ಮೋಟಾರ್ ಇಲ್ಲ. ಆದರೆ ವ್ಯೂಫೈಂಡರಿನ ಹಸಿರು ಚುಕ್ಕೆ ನೋಡಿ ಕೈಯಿಂದ ತಿರುಗಿಸಬಹುದು. ಡಿ50, ಡಿ70ರಲ್ಲಿ ಮೋಟಾರ್ ಇದೆ.

ಇಲ್ಲಿ ಇನ್ನೊಂದು ಗುಂಪಿನೊಂದಿಗೆ ನನ್ನ ಜಗಳವಿದೆ. ಅದು ಬಣ್ಣದವರ ಜೊತೆಗಿರುವುದಕ್ಕಿಂತ ಆಳವಾದದ್ದು. ‘ಯಂತ್ರ ಮುಖ್ಯವಲ್ಲ, ಕಣ್ಣು ಮುಖ್ಯ’ ಎನ್ನುವವರು ಇವರು. ಕೇಳಲು ಉದಾರವಾದ ಮಾತು. ಆದರೆ ಇದನ್ನು ಹೇಳುವವರಲ್ಲಿ ಹೆಚ್ಚಿನವರ ಚೀಲದಲ್ಲಿ ಒಳ್ಳೆಯ ಯಂತ್ರ ಇರುತ್ತದೆ. ಬಡವನ ಕೈಯಲ್ಲಿರುವ ಯಂತ್ರದ ಬಗ್ಗೆ ನಿಖರವಾಗಿ ತಿಳಿದುಕೊಳ್ಳುವ ಶ್ರಮವನ್ನು ಈ ಮಾತು ವಿಮರ್ಶಕನಿಗೆ ಉಳಿಸಿಕೊಡುತ್ತದೆ. ಮೇಲಿನ 2.2 ಮೀಟರನ್ನು ಯಾವ ಕಣ್ಣೂ ಹುಟ್ಟಿಸಲಾರದು; ಅದು ಷಟರಿನ ರಚನೆಯಿಂದ ಬಂದದ್ದು. ಯಂತ್ರ ಅಗ್ಗವಾದಷ್ಟೂ ಅದರ ಮಿತಿ ಹೆಚ್ಚು, ಮಿತಿ ಹೆಚ್ಚಾದಷ್ಟೂ ಅದರ ತಿಳಿವಳಿಕೆಯ ಬೆಲೆ ಹೆಚ್ಚು. ದುಬಾರಿ ಕ್ಯಾಮೆರಾ ಕೊಂಡವನು ಆಟೋಗೆ ಬಿಟ್ಟರೂ ಒಂದು ಮಟ್ಟದ ಚಿತ್ರ ಸಿಗುತ್ತದೆ. ಹಳೆಯದನ್ನು ಹಿಡಿದವನಿಗೆ ಆ ಸೌಲಭ್ಯವಿಲ್ಲ. ಅವನಿಗೆ ಬೇಕಾದದ್ದು ಎಫ್ ಸಂಖ್ಯೆ, ಷಟರ್ ವೇಗ, ದೂರ, ದಿಕ್ಕು. ಕಣ್ಣಿನ ಸ್ತೋತ್ರ ಹಾಡಿ ಅವನನ್ನು ಬರಿಗೈಯಲ್ಲಿ ಕಳಿಸುವುದು ವಿಮರ್ಶೆಯ ಕೆಲಸವಲ್ಲ.

ಸೋಲುವ ಜಾಗಗಳನ್ನೂ ಹೇಳಬೇಕು. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದ ಸುತ್ತ ಕತ್ತಲಾದ ಮೇಲೆ ಈ ಕ್ಯಾಮೆರಾಗಳು ಸೋಲುತ್ತವೆ. ಐಎಸ್‌ಒ 1600ರಲ್ಲಿ ನೆರಳುಗಳು ಒಡೆಯುತ್ತವೆ. ಎಫ್/1.8 ಲೆನ್ಸ್ ಸ್ವಲ್ಪ ದೂರ ಕರೆದೊಯ್ಯುತ್ತದೆ, ಅಷ್ಟೇ. ಸೊಲ್ಲಾಪುರದ ಚಾದರ ನೇಯುವ ಮಗ್ಗದ ಮನೆಗಳಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. 1/50 ಅಥವಾ 1/100ಕ್ಕೆ ಕಟ್ಟಿ ಹಾಕದಿದ್ದರೆ ಚಿತ್ರದಿಂದ ಚಿತ್ರಕ್ಕೆ ಬಣ್ಣ ಹಾರುತ್ತದೆ, ಕಟ್ಟಿ ಹಾಕಿದರೆ ಓಡುವ ಮಗ್ಗ ಮಸುಕಾಗುತ್ತದೆ. ಅಲ್ಲಿ ಹೊಸ ಕ್ಯಾಮೆರಾ ಮೇಲು, ಅದರಲ್ಲಿ ವಾದವಿಲ್ಲ. ಆದರೆ ಜಾತ್ರೆಯಲ್ಲಿ ಹೋಮ್ ಮೈದಾನದ ಮದ್ದು ಸುಡುವ ರಾತ್ರಿ ಮತ್ತೆ ಹಳೆಯದರದು: ಸ್ಟ್ಯಾಂಡ್, ಐಎಸ್‌ಒ 200, ಎಫ್/11, ಎರಡು ಮೂರು ಸೆಕೆಂಡ್, ಬೆಲೆಯ ವ್ಯತ್ಯಾಸ ಅಲ್ಲಿ ಕಾಣಿಸುವುದೇ ಇಲ್ಲ.

ನನ್ನ ತೀರ್ಮಾನ ಇದು. ಹಳೆಯ ಕ್ಯಾಮೆರಾ ಕೊಳ್ಳುವುದು ಒಳ್ಳೆಯ ನಿರ್ಧಾರ, ಬಣ್ಣಕ್ಕಾಗಿ ಕೊಳ್ಳುವುದು ಕೆಟ್ಟ ಕಾರಣ. ಬಣ್ಣದ ಹುಚ್ಚು ಹಿಡಿದ ಮೇಲೆ ಮೂಲೆ ಸೇರಿದ್ದ ಪುಟ್ಟ ಕ್ಯಾಮೆರಾಗಳ ಬೆಲೆಯೂ ಏರಿದೆ. ಆ ಏರಿಕೆಯ ಹೊರೆ ಬೀಳುವುದು ಸಾಧಾರಣ ಮನೆಯವರ ಮೇಲೆ. ಹಗಲಿನ ಜಾತ್ರೆ, ಅಂಗಳದ ಮದುವೆ, ಹೊಲದ ಸುಗ್ಗಿ ತೆಗೆಯುವವರಿಗೆ ಡಿ50 ಅಥವಾ ಡಿ40, ಒಂದು ಕಿಟ್ ಲೆನ್ಸ್, ಮ್ಯಾನುಯಲ್ ಕಲಿಯುವ ಹಠ ಇಷ್ಟು ಸಾಕು. ರಾತ್ರಿ ಆರತಿಯೇ ಮುಖ್ಯವಾದವರು ಇನ್ನಷ್ಟು ಹಣ ಕೂಡಿಸಿ ಹೊಸದಕ್ಕೆ ಕಾಯಲಿ. ಈ ಎರಡು ಸಾಲನ್ನು ನೇರವಾಗಿ ಹೇಳಬೇಕಾದವರು ನಾವು, ವಿಮರ್ಶಕರು. ಹೇಳದೆ ಬಣ್ಣದ ಪವಾಡ ಮಾರಿದರೆ ನಷ್ಟ ಆಗುವುದು ನಮಗಲ್ಲ, ನಮ್ಮನ್ನು ನಂಬಿ ಕೊಂಡವರಿಗೆ.