ಮುಂಬಯಿಯ ಓವಲ್: ಮುಂಭಾಗ ಉಳಿಯಿತು, ಒಳಮನೆ?

ಮುಂಬಯಿಯ ಓವಲ್ ಮೈದಾನದ ಪೂರ್ವಕ್ಕೆ ಹೈಕೋರ್ಟು, ರಾಜಾಬಾಯಿ ಗೋಪುರಗಳ ಗಾಥಿಕ್ ಕಲ್ಲು. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಶೈಲಿಯ ವಸತಿ ಕಟ್ಟಡಗಳ ಸಾಲು. 2018ರಲ್ಲಿ ಯುನೆಸ್ಕೊ ಇವೆರಡನ್ನೂ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನ ಇಂದಿಗೂ ಬಟ್ಟೆ ಒಣಗಿಸುವ ಬಾಲ್ಕನಿಗಳಿಗೆ ಇಂಥ ಮನ್ನಣೆ ದೊರೆತದ್ದು ಸಣ್ಣ ಸಂಗತಿಯಲ್ಲ. ಅದರ ಮುಂಚಿನ ವರ್ಷವಷ್ಟೇ ದಿಲ್ಲಿಯಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ವಿನ್ಯಾಸದ ಪ್ರದರ್ಶನ ಭವನ ಹಾಲ್ ಆಫ್ ನೇಷನ್ಸ್ ನೆಲಸಮವಾಗಿತ್ತು. 1972ರ ಆ ಕಟ್ಟಡಕ್ಕೆ ಪರಂಪರೆ ಎನಿಸಿಕೊಳ್ಳುವಷ್ಟು ವಯಸ್ಸಾಗಿರಲಿಲ್ಲ!

ಮುಂಬಯಿಯನ್ನು ಕಾಪಾಡಿದ್ದು 1995ರ ಪರಂಪರೆ ನಿಯಮಗಳು ಮತ್ತು ಪಟ್ಟುಬಿಡದ ನಿವಾಸಿಗಳ ಸಂಘಗಳು. ಆದರೆ ಈ ರಕ್ಷಣೆ ಹೆಚ್ಚಾಗಿ ಬೀದಿಗೆ ಕಾಣುವ ಮುಖಕ್ಕೆ ಸೀಮಿತ. ಕಿಟಕಿಯ ಮೇಲೆ ಹುಬ್ಬಿನಂತೆ ಬಾಗಿದ ಸಜ್ಜಾ, ದುಂಡು ಮೂಲೆ, ಗೋಡೆಯಲ್ಲೇ ಮೂಡಿಸಿದ ಕಟ್ಟಡದ ಹೆಸರು ಇವೆಲ್ಲ ಉಳಿದಿವೆ. ಮೊಸಾಯಿಕ್ ನೆಲ, ಮೆಟ್ಟಿಲಿನ ಕಟಕಟೆ, ಮರದ ಕಿಟಕಿಗಳು ಒಂದೊಂದಾಗಿ ಹೋಗುತ್ತಿವೆ. ಬಾಲ್ಕನಿಗಳಿಗೆ ಅಲ್ಯೂಮಿನಿಯಂ ಚೌಕಟ್ಟಿನ ಗಾಜು ಬರುತ್ತಿದೆ. 1938ರ ಎರೋಸ್ ಚಿತ್ರಮಂದಿರವನ್ನೇ ನೋಡಿ. ಹೊರಮೈ ಮತ್ತೆ ಬೆಳಗಿದೆ, ಸಿನಿಮಾವೂ ಮರಳಿದೆ. ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರುತ್ತಿದ್ದ ಆ ಸಭಾಂಗಣ ಮಾತ್ರ ಇಲ್ಲ. ಇದನ್ನು ಪೂರ್ತಿ ಗೆಲುವೆನ್ನಲು ಮನಸ್ಸು ಒಪ್ಪುವುದಿಲ್ಲ.

ಈ ಕಟ್ಟಡಗಳ ಕಾಂಕ್ರೀಟಿನ ಕಷ್ಟವೇ ಬೇರೆ. ಕಡಲಿನ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಸಿಮೆಂಟು ಸಿಡಿದು ಕಳಚುತ್ತದೆ. ಬಣ್ಣ ಬಳಿದರೆ ಬಿರುಕು ಮುಚ್ಚೀತು, ತುಕ್ಕು ನಿಲ್ಲದು. ಅದಕ್ಕೆ ಸರಿಯಾದ ದುರಸ್ತಿಯೇ ಬೇಕು. ಆದರೆ ಸ್ವಾತಂತ್ರ್ಯಕಾಲದ ಬಾಡಿಗೆ ನಿಯಂತ್ರಣ ಕಾಯ್ದೆಯಿಂದ ಹಳೆಯ ಬಾಡಿಗೆಯೇ ಮುಂದುವರಿದು, ಎಷ್ಟೋ ಮಾಲೀಕರು ದುರಸ್ತಿ ಕೈಬಿಟ್ಟರು. ಅದೇ ಕಾಯ್ದೆಯಿಂದ ಹಳೆಯ ಕುಟುಂಬಗಳು ಅಲ್ಲೇ ಉಳಿದವು, ಮನೆಗಳ ಒಳವಿನ್ಯಾಸವೂ ಎಷ್ಟೋ ಕಾಲ ಉಳಿಯಿತು ಎಂಬುದನ್ನೂ ಮರೆಯಬಾರದು.

ಯುನೆಸ್ಕೊ ಗೆರೆ ದಕ್ಷಿಣ ಮುಂಬಯಿಯಲ್ಲೇ ನಿಂತಿತು. ಮೈಸೂರು ಅಸೋಸಿಯೇಷನ್ ಇರುವ, ಉಡುಪಿ ಹೋಟೆಲುಗಳ ಮಾಟುಂಗಾದಲ್ಲೂ ಇದೇ ಕಾಲದ, ಇದೇ ಶೈಲಿಯ ಮೂರು-ನಾಲ್ಕು ಅಂತಸ್ತಿನ ಮನೆಗಳಿವೆ. ಮುಂಬಯಿ ಕನ್ನಡಿಗರ ಎಷ್ಟೋ ಸಂಸಾರಗಳು ಬೆಳೆದ ಬೀದಿಗಳಿವು. ಅಲ್ಲಿ ಹಳೆಯ ಕಟ್ಟಡ ಕೆಡವಿ ಕಟ್ಟುವವರಿಗೆ ಮರುನಿರ್ಮಾಣ ನಿಯಮ 33(7)ರಡಿ ಹೆಚ್ಚುವರಿ ಎಫ್‌ಎಸ್‌ಐ ಸಿಗುತ್ತದೆ, ಅಂದರೆ ಅದೇ ನಿವೇಶನದಲ್ಲಿ ಹೆಚ್ಚು ವಿಸ್ತೀರ್ಣ ಕಟ್ಟಬಹುದು. ದುರಸ್ತಿ ಮಾಡಿಸಿ ಉಳಿಸಿಕೊಂಡರೆ ಒಂದು ಚದರಡಿಯೂ ಹೆಚ್ಚುವುದಿಲ್ಲ. ಈ ಲೆಕ್ಕ ಬದಲಾಗದೆ ಮಾಟುಂಗಾದ ನಿವಾಸಿಗಳಿಂದ ಓವಲ್‌ನವರ ಹಟವನ್ನು ನಿರೀಕ್ಷಿಸುವುದು ನ್ಯಾಯವಲ್ಲ.