ಒಲೆ ಆರಿದ ಮನೆಯ ಮರ

ಮಲೆನಾಡಿನ ತೊಟ್ಟಿಮನೆಗಳನ್ನು ಕುರಿತ ಬರಹಗಳಲ್ಲಿ ಎರಡು ಮಾತು ತಪ್ಪುವುದಿಲ್ಲ: ಕೆತ್ತನೆಯ ಕಂಬಗಳು ಸುಂದರ, ಬೇಸಿಗೆಯಲ್ಲಿ ಮನೆ ತಂಪು. ಎರಡೂ ನಿಜ. ಆದರೆ ಮೆಣಸೆ, ಶೃಂಗೇರಿ, ಕೊಪ್ಪದ ಕಡೆ ಮನೆಯನ್ನು ಪರೀಕ್ಷೆಗೆ ಒಡ್ಡುವುದು ಬಿಸಿಲಲ್ಲ, ನೀರು. ಹಾಗೆ ನೋಡಿದಾಗ ಇಂಥ ಮನೆಗಳನ್ನು ನಾವು ಉಳಿಸಿಕೊಳ್ಳುತ್ತಿರುವ ಕ್ರಮದಲ್ಲಿ ಒಂದು ಲೋಪ ಕಾಣುತ್ತದೆ.

ಎಲ್ಲರೂ ಬಲ್ಲ ಉದಾಹರಣೆ ಕುಪ್ಪಳಿಯ ಕವಿಮನೆ. ಕುವೆಂಪು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಈ ಮನೆಯಲ್ಲಿ. ಈಗ ಅದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದ ವಸ್ತುಸಂಗ್ರಹಾಲಯ. ನಡುವೆ ತೆರೆದ ಅಂಗಳ, ಸುತ್ತ ಮರದ ಕಂಬ, ಬೋದಿಗೆ, ತೊಲೆ, ಮೇಲೆ ಮಹಡಿ, ಇಳಿಜಾರಾದ ಹೆಂಚಿನ ಮಾಡು. ನೋಡುವವರು ಬೋದಿಗೆಯ ಅಂದವನ್ನು ಮೆಚ್ಚುತ್ತಾರೆ, ಅದರ ಕೆಲಸವನ್ನು ಕೇಳುವುದಿಲ್ಲ. ಸಮನಾಗಿ ಹಂಚಿದ ಭಾರ ತೊಲೆಯನ್ನು ಬಾಗಿಸುವ ಪರಿಣಾಮವು ಆಧಾರಗಳ ನಡುವಣ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹತ್ತು ಅಡಿ ಅಂತರದ ಎರಡು ಕಂಬಗಳ ಬೋದಿಗೆಗಳು ಒಂದೊಂದು ಅಡಿ ಮುಂದೆ ಚಾಚಿದರೆ ಉಳಿಯುವುದು ಎಂಟು ಅಡಿ, ಪರಿಣಾಮ ಶೇ. 64ಕ್ಕೆ ಇಳಿಯುತ್ತದೆ. (ಬೋದಿಗೆಯೂ ಕೊಂಚ ಬಾಗುವುದರಿಂದ ಈ ಲಾಭ ಪೂರ್ತಿ ಸಿಗದು.)

ಚೌಕಟ್ಟಿನ ಬಲಕ್ಕೆ ಶತ್ರು ಭಾರವಲ್ಲ, ತೇವ. ಮರದ ತೇವಾಂಶ ಶೇ. 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರಗಳು ಸಾಮಾನ್ಯವಾಗಿ ಬೆಳೆಯಲಾರವು. ಆದರೆ ಸುತ್ತಲ ಗಾಳಿಯ ಸಾಪೇಕ್ಷ ಆರ್ದ್ರತೆ ವಾರಗಟ್ಟಲೆ ಶೇ. 90ರಲ್ಲಿ ನಿಂತರೆ ಮರ ಆ ಗಡಿಯನ್ನು ಮುಟ್ಟುತ್ತದೆ. ಆಷಾಢದ ಮಳೆಯಲ್ಲಿ ಇದೇನೂ ಅಪರೂಪವಲ್ಲ. ಹಾಗಿದ್ದೂ ಹಳೆಯ ಅಟ್ಟಗಳು ಉಳಿದದ್ದು ಹೇಗೆ?

ಅಡುಗೆಯ ಒಲೆ, ಬಚ್ಚಲೊಲೆ ಎರಡೂ ದಿನವಿಡೀ ಕಾವಾರದ ಮನೆಯನ್ನು ನೆನೆಯಿರಿ. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 95 ಆರ್ದ್ರತೆಯ ಗಾಳಿ ಅಟ್ಟದಲ್ಲಿ ಐದೇ ಡಿಗ್ರಿ ಬಿಸಿಯಾದರೆ ಆರ್ದ್ರತೆ ಸುಮಾರು ಶೇ. 70ಕ್ಕೆ ಇಳಿಯುತ್ತದೆ. ಗಾಳಿಯಲ್ಲಿನ ನೀರಾವಿ ಅಷ್ಟೇ ಇದೆ, ಅದು ಹಿಡಿಯಬಲ್ಲ ಪ್ರಮಾಣ ಹೆಚ್ಚಿತು. ಇಂಥ ಗಾಳಿಯಲ್ಲಿ ಮರದ ತೇವಾಂಶ ಶೇ. 13ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಡುಗೆಯ ಹಬೆಯನ್ನೂ ಸೌದೆಯ ನೀರನ್ನೂ ನಾನು ಲೆಕ್ಕಕ್ಕೆ ಹಿಡಿದಿಲ್ಲ. ಅದರಲ್ಲಿ ಬಹುಪಾಲು ಹೊಗೆಯೊಡನೆ ಹೆಂಚಿನ ಸಂದುಗಳಿಂದ ಹೊರಹೋಗುತ್ತದೆ. ಈ ಹೊಗೆಗೆ ಹೆಂಗಸರು ಕಣ್ಣು, ಶ್ವಾಸಕೋಶಗಳನ್ನು ತೆತ್ತಿದ್ದಾರೆಂಬುದನ್ನು ಮರೆತು 'ಪೂರ್ವಿಕರ ವಿಜ್ಞಾನ'ವೆಂದು ಹಾಡಿ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಅವರು ಅನ್ನ ಬೇಯಿಸಲು ಒಲೆ ಹೂಡಿದರು. ಅಟ್ಟ ಒಣಗಿದ್ದು ಜೊತೆಗೆ ಸಿಕ್ಕ ಫಲ.

ಮನೆ ವಸ್ತುಸಂಗ್ರಹಾಲಯವಾದಾಗ ಪಾತ್ರೆಗಳು ಉಳಿಯುತ್ತವೆ, ಒಲೆ ಆರುತ್ತದೆ. ಇದು ಪ್ರತಿಷ್ಠಾನದ ತಪ್ಪಲ್ಲ. ಹಳೆಯ ಮನೆಯೆಂದರೆ ಕಂಬ, ತೊಲೆಗಳ ಪಟ್ಟಿ ಎಂದು ತಿಳಿದ ನಮ್ಮೆಲ್ಲರ ಕಲ್ಪನೆಯ ಮಿತಿ. ಒಲೆ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕು: ಅಟ್ಟದಲ್ಲಿ ಗಾಳಿಯಾಟ, ಇಲ್ಲವೇ ಮಳೆಗಾಲದಲ್ಲಿ ಹದವಾದ ಕಾವು.

ಖಾಸಗಿ ಮನೆಗಳಲ್ಲಿ ಇನ್ನೊಂದು ಕೇಡು ಸೇರುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬಳಿಯುತ್ತಾರೆ. ಲೋಮನಾಳ ಕ್ರಿಯೆಯಿಂದ ಮೇಲೇರಿದ ನೀರು ಮಣ್ಣು, ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು; ಸಿಮೆಂಟ್ ಅದಕ್ಕೆ ದಾರಿ ಕೊಡದು. ನೀರು ಗೋಡೆಯಲ್ಲಿ ಹುದುಗಿದ ತೊಲೆಯ ತುದಿಯನ್ನು ಹುಡುಕಿಕೊಂಡು ಹೋಗುತ್ತದೆ, ಹೊರಗೆ ಕಾಣದಂತೆ ಮರ ಕುಂಬಾಗುತ್ತದೆ. ಮರದ ಚೌಕಟ್ಟಿನ ನಡುವೆ ಜೇಡಿಮಣ್ಣು ತುಂಬಿ ಕಟ್ಟಿದ ಇಂಗ್ಲೆಂಡ್, ಜರ್ಮನಿಗಳ ಹಳೆಯ ಪಟ್ಟಣದ ಮನೆಗಳಲ್ಲೂ ಇಪ್ಪತ್ತನೆಯ ಶತಮಾನದ ಸಿಮೆಂಟ್ ದುರಸ್ತಿ ಇದೇ ಹಾನಿ ಮಾಡಿತು. ಈಗ ಅಲ್ಲಿ ಅದನ್ನು ಕೆತ್ತಿ ತೆಗೆದು ಸುಣ್ಣಕ್ಕೆ ಮರಳುತ್ತಿದ್ದಾರೆ.

ನನ್ನ ವಾದವನ್ನು ಪರೀಕ್ಷಿಸುವುದು ಕಷ್ಟವಲ್ಲ. ಒಣ ಮತ್ತು ಒದ್ದೆ ಬುರುಡೆಯ ಉಷ್ಣಮಾಪಕಗಳ ಜೋಡಿ ಯಾವ ಕಾಲೇಜಿನಲ್ಲೂ ಇರುತ್ತದೆ. ಸೌದೆ ಒಲೆ ಉರಿಯುವ ಒಂದು ಮನೆ, ಅನಿಲದ ಒಲೆಗೆ ಬದಲಾದ ಇನ್ನೊಂದು ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಅಟ್ಟಗಳಲ್ಲಿ ದಿನಕ್ಕೆ ಎರಡು ಬಾರಿ ಅಳೆಯಲಿ. ಎರಡರ ಆರ್ದ್ರತೆ ಒಂದೇ ಬಂದರೆ ನಾನು ಒಲೆಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.